ಮಾವನ ಆಲ್ಬುಮಿನ್

ಬೇರೆ ಮನೆಗಳಲ್ಲಿ ಗಂಡಿನ ಕಡೆಯವರು ಹೆಣ್ಣು ನೋಡಲು ಬರುತ್ತಿದ್ದರು, ಕೇಸರಿಬಾತು ಉಪ್ಪಿಟ್ಟು ತಿಂದು, ಹುಡುಗಿಗೆ ಹಾಡು ಬರುತ್ತಾ ಎಂದು ಕೇಳಿ, ಆಮೇಲೆ ತಿಳಿಸ್ತೀವಿ ಅಂತ ಹೇಳಿ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ನಡೆದದ್ದು ಉಲ್ಟಾ. ಗಂಡನ್ನು ಪರೀಕ್ಷೆ ಮಾಡಿದವಳು ನಾನು. ಅದೂ ಹೇಗೆ? ಸ್ಪಿರಿಟ್ ದೀಪ ಹಚ್ಚಿಕೊಂಡು, ಅವನ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿ. ಇದನ್ನು ಹೇಳಿದರೆ ಈಗಲೂ ನಮ್ಮ ಕಡೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. ನಗಲಿ ಬಿಡಿ, ನಾನೂ ನಕ್ಕಿದ್ದೇನೆ.

ಗಂಡು ಅಂದರೆ ಬೇರೆ ಯಾರೂ ಅಲ್ಲ, ನನ್ನ ಸೋದರಮಾವ, ಅಮ್ಮನ ಒಬ್ಬನೇ ತಮ್ಮ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ, ಅಂದರೆ ಅಮ್ಮನ ತಾಯಿ, "ಇದು ನನ್ನ ಸೊಸೆ, ಯಾರೂ ಕಣ್ಣು ಹಾಕ್ಬೇಡಿ" ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದಳಂತೆ. ಆಗ ಮಾವ ಗೋಲಿ ಆಡುವ ಹುಡುಗ. ತಾತ ಬೇಗ ತೀರಿಕೊಂಡಿದ್ದರಿಂದ ಅಜ್ಜಿ ಹೊಲಕ್ಕೆ ಹೋಗುತ್ತಿದ್ದಳು, ಮಾವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಮ್ಮ. ನನಗೆ ಈ ಮದುವೆ ಬೇಡ ಅನ್ನಿಸಿದ್ದರೆ ಬೇಡ ಅಂತಲೇ ಹೇಳುತ್ತಿದ್ದೆ, ನನ್ನ ಬಾಯಿ ಅಂಥದ್ದು. ಆದರೆ ನನಗೆ ಬೇಕಿತ್ತು. ಸುತ್ತಿ ಬಳಸಿ ಹೇಳುವುದೇಕೆ?

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಮ್ಮ ಮನೆ ವಕ್ಕಲೇರಿ ಕಡೆ, ಮಾವನ ಮನೆ ಹೋಳೂರಿನ ಕಡೆ. ಎರಡು ಮನೆಯಲ್ಲೂ ರಾಗಿ, ತರಕಾರಿ, ಹಿಪ್ಪುನೇರಳೆ, ರೇಷ್ಮೆ ಹುಳ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಲ್ಯಾಬ್ ಕೆಲಸದ ತರಬೇತಿ ಮಾಡಿಕೊಂಡು, ಕೋಲಾರದ ಒಂದು ಆಸ್ಪತ್ರೆಗೆ ಸೇರಿದ್ದೆ. ಲ್ಯಾಬು ಅಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಒಂದು ಸ್ಪಿರಿಟ್ ದೀಪ, ರಕ್ತ ನಿಲ್ಲಿಸುವ ಉದ್ದನೆಯ ನಳಿಕೆಗಳ ಒಂದು ಸ್ಟ್ಯಾಂಡು. ಜನ ಮೂತ್ರ ತರುತ್ತಿದ್ದದ್ದು ಸಿಕ್ಕಿದ್ದರಲ್ಲಿ: ಟಾನಿಕ್ ಸೀಸೆ, ಹರಳೆಣ್ಣೆ ಸೀಸೆ, ಸಾರಾಯಿ ಸೀಸೆ. ಒಬ್ಬ ಯಜಮಾನರಂತೂ ಹಿತ್ತಾಳೆ ಚೊಂಬಿನಲ್ಲಿ ತಂದು, ಬಾಯಿಗೆ ಎಲೆ ಮುಚ್ಚಿ, "ಚೊಂಬು ಜೋಪಾನವಾಗಿ ವಾಪಸ್ ಕೊಡಮ್ಮ, ದೇವ್ರ ಮನೇದು" ಅಂದಿದ್ದರು.

ಮಾವನಿಗೆ ಮೂತ್ರದಲ್ಲಿ ರಕ್ತ ಕಾಣಿಸಿದಾಗ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. "ಹೀಟು" ಅಂದರು. ಬಿಸಿಲಲ್ಲಿ ಸೊಪ್ಪು ಕೊಯ್ದರೆ ಹೀಟಾಗದೆ ಇನ್ನೇನು? ಎಳನೀರು ಆಯಿತು, ಬಾರ್ಲಿ ನೀರು ಆಯಿತು, ಕಾಮಕಸ್ತೂರಿ ಬೀಜ ಆಯಿತು, ಅಜ್ಜಿ ತಲೆಗೆ ಹರಳೆಣ್ಣೆ ತಟ್ಟಿ ತಟ್ಟಿ ಅವನ ನೆತ್ತಿ ಸವೆಸಿದಳು. ರಕ್ತ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನನಗೆ ಸುದ್ದಿ ಮುಟ್ಟಿದ್ದೇ ತಡ, ಜಗಳವಾಡಿ ಕೋಲಾರಕ್ಕೆ ಕರೆಸಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ಕೆಂಪು ಕಣ. ನಮ್ಮ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಎಡಗಡೆಯ ಕಿಡ್ನಿಯನ್ನೇ ತೆಗೆದರು.

ಕಿಡ್ನಿಯಲ್ಲಿ ಇದ್ದದ್ದು ಕ್ಯಾನ್ಸರ್. ಆದರೆ ನಮ್ಮ ಮನೆಯಲ್ಲಿ ಅದನ್ನು ಎಲ್ಲರೂ ಗಡ್ಡೆ ಅನ್ನುತ್ತಿದ್ದರು. ನಾನೊಮ್ಮೆ ಹೆಸರು ಹಿಡಿದು ಹೇಳಿದ್ದಕ್ಕೆ ಅಮ್ಮ ನನ್ನ ಬಾಯಿಯ ಮೇಲೆ ಹೊಡೆದಳು. ಮಾವ ಮಾತ್ರ ಊರಿಗೆ ಬಂದವನೇ ಅಂಗಿ ಎತ್ತಿ, ಬೆನ್ನಿನಿಂದ ಹೊಟ್ಟೆಯವರೆಗೆ ಬಂದಿದ್ದ ಹೊಲಿಗೆಯನ್ನು ನನಗೆ ತೋರಿಸಿ, "ನೋಡೇ, ರಾಗಿ ಮೂಟೆ ಹೊಲ್ದಂಗೆ ಹೊಲ್ದವ್ರೆ. ಇನ್ಮೇಲೆ ಸೋರಲ್ಲ" ಅಂದ. ನನಗೆ ಅಳು ಬಂತು, ನಗುವೂ ಬಂತು.

ಈಗ ಪ್ರಶ್ನೆ ಒಂದೇ ಇತ್ತು. ಇವನು ಬದುಕುತ್ತಾನಾ? ಬದುಕುವುದಾದರೆ ಮದುವೆ, ಇಲ್ಲದಿದ್ದರೆ ಇಲ್ಲ. ಅಜ್ಜಿಯದು ಒಂದೇ ಹಟ: "ಮದ್ವೆ ಮಾಡ್ಬಿಡಿ, ಮನೇಲಿ ದೀಪ ಹಚ್ಚೋಳು ಬಂದ್ರೆ ಅವನು ತಾನೇ ಸರಿಹೋಗ್ತಾನೆ." ಅವಳು ತನ್ನ ತವರು ಮುಳಬಾಗಿಲಿಗೆ ಹೋಗಿ ಜೋಯಿಸರನ್ನೂ ಕೇಳಿ ಬಂದಿದ್ದಳು. ಆ ಮಹಾನುಭಾವರು ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು ಅಂದಿದ್ದರಂತೆ. ಅಪ್ಪ ಮಾಲೂರಿನ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಒಬ್ಬ ಹುಡುಗನ ಮಾತು ಪದೇ ಪದೇ ಎತ್ತುತ್ತಿದ್ದರು. ಒಳ್ಳೆ ಹುಡುಗ, ಬೀಡಿ ಇಲ್ಲ, ಸಿಗರೇಟಿಲ್ಲ ಅಂತ. ಎರಡು ಕಿಡ್ನಿ ಇದೆ ಅಂತ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ನಾನು ನಮ್ಮ ಡಾಕ್ಟರನ್ನು ನೇರವಾಗಿ ಕೇಳಿದೆ. ಅವರು ಹಿಂದೆ ಮಿಲಿಟರಿಯಲ್ಲಿದ್ದವರು, ಮಾತು ಕಡಿಮೆ, ಸುಳ್ಳು ಹೇಳುತ್ತಿರಲಿಲ್ಲ.

"ನೋಡಮ್ಮ," ಅಂದರು, "ಗಡ್ಡೆ ಮತ್ತೆ ಬರುತ್ತೋ ಇಲ್ವೋ ಅಂತ ಮುಂಚೆನೇ ಹೇಳೋ ಪರೀಕ್ಷೆ ನಮ್ಮ ಹತ್ತಿರ ಇಲ್ಲ. ಇರೋದು ಎರಡು. ಮೂತ್ರದಲ್ಲಿ ಪ್ರೋಟೀನ್, ಆಲ್ಬುಮಿನ್ ಅಂತೀವಲ್ಲ, ಅದು ಸೋರಿದ್ರೆ ಉಳಿದಿರೋ ಕಿಡ್ನಿ ಸೋಲ್ತಾ ಇದೆ ಅಂತ ಅನುಮಾನ ಪಡಬಹುದು. ಇನ್ನೊಂದು ಇ.ಎಸ್.ಆರ್. ರಕ್ತದಲ್ಲಿ ಕೆಲವು ಪ್ರೋಟೀನ್ ಜಾಸ್ತಿಯಾದ್ರೆ ಕೆಂಪು ಕಣ ಬೇಗ ಬೇಗ ಕೆಳಗಿಳಿಯುತ್ತೆ. ಇಳಿದ್ರೆ ಮೈಯೊಳಗೆ ಎಲ್ಲೋ ಏನೋ ನಡೀತಿದೆ ಅಂತ. ಏನು ಅಂತ ಅದು ಹೇಳಲ್ಲ. ತಿಂಗಳಿಗೊಂದು ಸಲ ನೋಡ್ತಾ ಇರು."

ಇದನ್ನು ಮನೆಯಲ್ಲಿ ಹೇಳಿದೆ. ಅಮ್ಮ ಹುಳಕ್ಕೆ ಸೊಪ್ಪು ಹೆಚ್ಚುತ್ತ ಕೇಳಿಸಿಕೊಂಡಳು. ನಮ್ಮ ಅಮ್ಮನಿಗೆ ಪ್ರಪಂಚದಲ್ಲಿ ಏನೇ ಹೇಳಿದರೂ ಅದನ್ನು ರೇಷ್ಮೆ ಹುಳಕ್ಕೆ ತಂದು ನಿಲ್ಲಿಸುತ್ತಿದ್ದಳು. ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳ ಚೆನ್ನಾಗಿ ತಿಂದು ಹಣ್ಣಾಗುತ್ತದೆ, ಆಮೇಲೆ ಅದನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡುತ್ತಾರೆ.

"ಸರಿ, ಹಂಗಾದ್ರೆ ನನ್ ತಮ್ಮನೂ ನಾಲ್ಕು ಜ್ವರ ದಾಟ್ಲಿ," ಅಂದಳು ಅಮ್ಮ. "ತಿಂಗಳಿಗೊಂದು ಹುಳದ ಬೆಳೆ, ಬೆಳೆಗೊಂದು ರಿಪೋರ್ಟು. ನಾಲ್ಕೂ ಚೆನ್ನಾಗಿ ಬಂದ್ರೆ ಓಲಗ ಊದ್ಸೋಣ. ಇಲ್ಲಾಂದ್ರೆ ಇವರಪ್ಪ ಹೇಳ್ದಂಗೆ ಮಾಲೂರು."

ಅಲ್ಲಿಗೆ ತೀರ್ಮಾನವಾಯಿತು. ಕ್ಯಾನ್ಸರಿಗೂ ರೇಷ್ಮೆ ಹುಳಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ನಾನು ಕೂಗಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ನೋಡಿದರೆ ನಾನೇ ಲ್ಯಾಬಿನಲ್ಲಿ ಮೊದಲನೇ ಜ್ವರ, ಎರಡನೇ ಜ್ವರ ಅನ್ನಲು ಶುರುಮಾಡಿದ್ದೆ. ಡಾಕ್ಟರು ಒಂದು ಸಲ ಗಾಬರಿಯಾಗಿ, "ಯಾರಿಗಮ್ಮ ಜ್ವರ?" ಎಂದು ಕೇಳಿದ್ದುಂಟು.

ಮೊದಲನೆಯ ಸಲ ಮಾವ ಬಂದಾಗ ಬೆವರಿನಲ್ಲಿ ಅಂಗಿ ಮೈಗೆ ಅಂಟಿತ್ತು, ಮುಖದ ತುಂಬ ನಗು. ಲ್ಯಾಬಿನ ಹಿಂದಿದ್ದ ಕಕ್ಕಸಿಗೆ ಹೋಗಿ ಸೀಸೆ ತುಂಬಿಸಿಕೊಂಡು ಬಂದು, "ತಗೊಳ್ಳೇ, ಬಿಸಿಬಿಸಿ" ಅಂದ. ನನಗೆ ನಾಚಿಕೆಯಾಗಿ ಸಿಡುಕಿದೆ. ನಳಿಕೆಗೆ ಹಾಕಿ, ಮೇಲಿನ ಭಾಗವನ್ನು ದೀಪಕ್ಕೆ ಹಿಡಿದೆ. ಪ್ರೋಟೀನ್ ಇಲ್ಲದಿದ್ದರೆ ಕಾದರೂ ತಿಳಿಯಾಗಿಯೇ ಇರುತ್ತದೆ. ಇದ್ದರೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಒಂದೆರಡು ಹನಿ ಆಸಿಡ್ ಹಾಕಿದ ಮೇಲೂ ಆ ಬಿಳುಪು ಹೋಗದಿದ್ದರೆ ಆಲ್ಬುಮಿನ್ ಅಂತಲೇ ಅರ್ಥ. ನಾನು ಆಸಿಡ್ ಹಾಕಿದೆ. ಬಿಳುಪು ಹೋಗಲಿಲ್ಲ.

"ಏನಂತೆ?" ಅಂದ.

"ಸ್ವಲ್ಪ ಇದೆ."

"ಸ್ವಲ್ಪ ತಾನೇ? ನಂಗೆ ಯಾವುದೂ ಪೂರ್ತಿ ಸಿಕ್ಕಿಲ್ಲ ಬಿಡು," ಅಂದು ಬೆಂಚಿನ ಮೇಲೆ ಕೂತ.

ಕೂರಲೇಬೇಕಿತ್ತು. ಇ.ಎಸ್.ಆರ್. ನೋಡಲು ರಕ್ತವನ್ನು ನಳಿಕೆಗೆ ಏರಿಸಿ ನಿಲ್ಲಿಸಿದರೆ ಒಂದು ಗಂಟೆ ಕಾಯಬೇಕು, ಕೆಂಪು ಎಷ್ಟು ಕೆಳಗಿಳಿಯಿತು ಅಂತ ಅಳೆಯಬೇಕು. ಕೋಲಾರದಂಥ ಊರಿನಲ್ಲಿ ಮದುವೆಯಾಗದ ಗಂಡು ಹೆಣ್ಣು ಎದುರುಬದುರು ಒಂದು ಗಂಟೆ ಕೂತು ಮಾತಾಡಿದರೆ ಊರು ಸುಮ್ಮನಿರುತ್ತಿತ್ತೆ? ರಕ್ತ ಇಳಿಯುವುದನ್ನು ಕಾಯುವವರನ್ನು ಮಾತ್ರ ಯಾರೂ ಏನೂ ಅನ್ನಲಾರರು. ಹುಳ ಎಷ್ಟನೇ ಜ್ವರದಲ್ಲಿದೆ, ಟೊಮೇಟೊಗೆ ಯಾವ ರೋಗ ಬಂದಿದೆ, ಅಜ್ಜಿ ಯಾರ ಮೇಲೆ ಕೂಗಾಡಿದಳು, ಇಂಥದೇ ಮಾತು. ಒಂದು ಸಲ ಮಾತ್ರ ಅವನು ನಳಿಕೆಯನ್ನೇ ನೋಡುತ್ತ, "ನಿಂಗೆ ಭಯ ಆಗಲ್ವೇನೇ?" ಎಂದು ಕೇಳಿದ. ಆಗುತ್ತೆ ಅಂದೆ. "ನಂಗೂ" ಅಂದ. ಅಷ್ಟು ಹೊತ್ತಿಗೆ ಯಾರೋ ಮಗುವನ್ನು ಕರೆದುಕೊಂಡು ಬಂದು ಕಫ ಎಲ್ಲಿ ಉಗಿಸಬೇಕು ಎಂದು ಕೇಳಿದರು.

ಆ ಸಲ ಇ.ಎಸ್.ಆರ್. ಸರಿಯಾಗಿಯೇ ಇತ್ತು, ಆಲ್ಬುಮಿನ್ ಒಂದೇ ಕೆಟ್ಟಿತ್ತು. ಪ್ರೋಟೀನ್ ಸೋರಿ ಹೋಗುತ್ತಿದೆ ಅಂತ ತಿಳಿದ ಅಜ್ಜಿ ಸುಮ್ಮನಿರುವವಳಲ್ಲ. ಸೋರಿದ್ದನ್ನು ತುಂಬಿಸುವುದೇ ತನ್ನ ಕೆಲಸ ಅಂದುಕೊಂಡು ನಾಟಿ ಮೊಟ್ಟೆ, ಹುರುಳಿ ಕಟ್ಟಿನ ಸಾರು, ಅವರೆಕಾಳು, ಹಾಲು ಅಂತ ಒಂದರ ಹಿಂದೆ ಒಂದು ಇಟ್ಟು, "ಒರೇಯ್, ತಿನರಾ" ಎಂದು ತೆಲುಗಿನಲ್ಲಿ ಗದರುತ್ತಿದ್ದಳಂತೆ. ಅಜ್ಜಿಗೆ ಕೋಪ ಬಂದರೂ ತೆಲುಗು, ಪ್ರೀತಿ ಬಂದರೂ ತೆಲುಗು. ಮಿಕ್ಕ ಹೊತ್ತಿನಲ್ಲಿ ಕನ್ನಡ.

ಎರಡನೆಯ ಸಲ ಮಾವ ಇನ್ನೂ ಜೋರಾಗಿ ಬೆವರಿ ಬಂದ. ನಳಿಕೆ ಕಾಯಿಸಿದೆ. ಈ ಸಲ ಮಂಜಲ್ಲ, ಗೂಡು ಬೇಯಿಸಿದ ನೀರಿನಷ್ಟು ಬೆಳ್ಳಗೆ. ನಳಿಕೆ ದೀಪಕ್ಕೆ ತಾಗಿ ಟಿಕ್ ಅಂತ ಸೀಳು ಬಿಟ್ಟಿತು. ಬೇರೆ ನಳಿಕೆಯಲ್ಲಿ ಮತ್ತೆ ಮಾಡಿದೆ, ಅದೇ ಬಿಳುಪು. ನನ್ನ ಮುಖ ನೋಡಿಯೇ ಅವನು, "ಮಾಲೂರಿನೋನು ಪುಣ್ಯವಂತ ಬಿಡು" ಅಂದ. ಆ ಸಂಜೆ ನಾನು ಊರಿಗೆ ಹೋಗಿ ರಿಪೋರ್ಟು ಹೇಳಿದೆ. ಅಮ್ಮ ಹುಳದ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಮಾರನೆಯ ದಿನವೇ ಮಾಲೂರಿಗೆ ಹೊರಟರು. ನಾನು ಅವರ ಹಿಂದೆ ಬೀದಿಯವರೆಗೂ ಕೂಗುತ್ತ ಹೋದೆ, ನಾಯಿಗಳೆಲ್ಲ ಬೊಗಳಿದವು.

ಕೋಲಾರಕ್ಕೆ ಬಂದು ಡಾಕ್ಟರ ಮುಂದೆ ನಿಂತು ಅತ್ತೆ. ಅವರು ಎಲ್ಲ ಕೇಳಿಸಿಕೊಂಡು, ಯಾವ ಸಂಬಂಧವೂ ಇಲ್ಲದ ಹಾಗೆ, "ಹುಡುಗ ಆಸ್ಪತ್ರೆಗೆ ಹೇಗೆ ಬರ್ತಾನೆ?" ಎಂದು ಕೇಳಿದರು.

"ಸೈಕಲ್ಲಲ್ಲಿ."

"ಹೋಳೂರಿಂದಾನಾ? ಖಾಲಿ ಸೈಕಲ್ಲಾ?"

ಖಾಲಿ ಎಲ್ಲಿಂದ ಬಂತು! ಒಂದು ಕಿಡ್ನಿ ಹೋದಾಗಿನಿಂದ ಊರಿನ ಪಡ್ಡೆಗಳೆಲ್ಲ ಮಾವನನ್ನು "ಏನ್ಲಾ ಒಂಟೆತ್ತಿನ ಗಾಡಿ" ಎಂದು ಆಡಿಕೊಳ್ಳುತ್ತಿದ್ದರು. ಅವನಿಗೆ ಅದು ಚುಚ್ಚಿತ್ತು. ಹಾಗಾಗಿ ನನ್ನ ಹತ್ತಿರ ಬರುವ ದಿನ ಬೇಕೆಂದೇ ಸೈಕಲ್ಲಿನ ಹಿಂದೆ ಎರಡು ಮಂಕರಿ ತರಕಾರಿ ಕಟ್ಟಿಕೊಂಡು, ಏರು ಇಳಿಜಾರು ನೋಡದೆ ಒಂದೇ ಉಸಿರಿಗೆ ತುಳಿದು, ಸಂತೆಯಲ್ಲಿ ಅದನ್ನು ಇಳಿಸಿ, ನೆಟ್ಟಗೆ ಲ್ಯಾಬಿಗೆ ಬರುತ್ತಿದ್ದ. ಮೊದಲ ಸಲ ಬದನೆಕಾಯಿ. ಎರಡನೇ ಸಲ ಶ್ರೀನಿವಾಸಪುರದ ನೆಂಟರು ಕಳಿಸಿದ್ದ ಮಾವಿನಹಣ್ಣು, ಅದು ಬದನೆಕಾಯಿಗಿಂತ ಭಾರ. ಗಂಡಾಗುವವನು ಗಟ್ಟಿಮುಟ್ಟಾಗಿದ್ದಾನೆ ಎಂದು ನಾನೂ, ಕೋಲಾರವೂ ನೋಡಲಿ ಅಂತ.

ಡಾಕ್ಟರು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದೇ ಅಪರೂಪ. "ಸಿಪಾಯಿಗಳು ದೂರ ಮಾರ್ಚ್ ಮಾಡಿ ಬಂದ ತಕ್ಷಣ ನೋಡಿದ್ರೆ ಮೂತ್ರದಲ್ಲಿ ಆಲ್ಬುಮಿನ್ ಇರುತ್ತಮ್ಮ. ಎರಡು ಕಿಡ್ನಿ ಇರೋ ಗಟ್ಟಿ ಆಳುಗಳಿಗೇ ಬರುತ್ತೆ. ಸುಧಾರಿಸ್ಕೊಂಡ್ರೆ ಹೋಗುತ್ತೆ. ಇವನ ಕಿಡ್ನಿ ಹೇಗಿದೆ ಅಂತ ತಿಳೀಬೇಕಾದ್ರೆ ಹಿಂದಿನ ದಿನ ಭಾರದ ಕೆಲಸ ಬೇಡ, ಬೆಳಿಗ್ಗೆ ಎದ್ದ ತಕ್ಷಣದ್ದು ತರಿಸು."

ನನಗೆ ಕುಣಿಯಬೇಕು ಅನ್ನಿಸಿತು, ಜೊತೆಗೆ ಮಾವನ ಕಪಾಳಕ್ಕೆ ಎರಡು ಬಿಗಿಯಬೇಕು ಅಂತಲೂ. ಕಪಾಳಕ್ಕೆ ಬಿಗಿಯುವ ಕೆಲಸಕ್ಕೆ ಅಮ್ಮನೇ ಹೊರಟಳು. ವಿಷಯ ತಿಳಿದ ಕೂಡಲೇ ಹೋಳೂರಿಗೆ ಬಸ್ಸು ಹತ್ತಿದಳು, ನನ್ನನ್ನೂ ಎಳೆದುಕೊಂಡು.

"ಏನ್ಲಾ, ರೇಷ್ಮೆ ಸಾಕೋ ಮನೇಲಿ ಹುಟ್ಟಿದೀಯ, ಜ್ವರಕ್ಕೆ ಕೂತಿರೋ ಹುಳ ಅಲ್ಲಾಡಿಸ್ಬಾರ್ದು ಅಂತ ಗೊತ್ತಿಲ್ವಾ ನಿಂಗೆ? ತಟ್ಟೆ ಕುಲುಕಿದ್ರೆ ಹುಳ ಏನಾಗುತ್ತೋ? ಎರಡು ಮಂಕರಿ ಕಟ್ಕೊಂಡು ಕುಲುಕಾಡ್ಕೊಂಡು ಹೋಗ್ತಾನಂತೆ! ಯಾವಳಿಗೆ ತೋರ್ಸೋಕೆ?"

"ಇವಳಿಗೇ," ಅಂದ ಮಾವ ನನ್ನ ಕಡೆ ಬೆರಳು ಮಾಡಿ. ಅಮ್ಮ ಹೊಡೆಯಲು ಎತ್ತಿದ ಕೈಯಲ್ಲೇ ಅವನ ತಲೆ ಸವರಿದಳು. ಮೊದಲ ಎರಡು ಜ್ವರ ಲೆಕ್ಕಕ್ಕಿಲ್ಲ, ತಪ್ಪು ಹುಳದ್ದಲ್ಲ ಎಂದು ಅವಳೇ ತೀರ್ಪು ಕೊಟ್ಟಳು. ಮುಂದಿನ ಎರಡು ಚೆನ್ನಾಗಿ ಬಂದರೆ ಸಾಕು. ಮಾಲೂರಿಗೆ ಸದ್ಯಕ್ಕೆ ತಡೆಯಾಯಿತು.

ಮುಂದಿನ ತೊಂದರೆ ಸಾಗಣೆಯದು. ಬೆಳಿಗ್ಗೆ ಎದ್ದ ಕೂಡಲೇ ಹಿಡಿದದ್ದು ಕೋಲಾರ ಸೇರಬೇಕು. ಮಾವ ಹಾಲಿನ ವ್ಯಾನಿನವನನ್ನು ಕೇಳಿದ. "ಹಾಲಿನ ಗಾಡೀಲಿ ಉಚ್ಚೆ ಕಳಿಸ್ತೀಯಾ? ನನ್ ಕೆಲ್ಸ ಕಳೀತೀಯೇನಪ್ಪ?" ಎಂದು ಅವನು ಕೈ ಮುಗಿದ. ಕೊನೆಗೆ ಅಜ್ಜಿಯೇ ಹೊರಟಳು. ತೊಳೆದ ಟಾನಿಕ್ ಸೀಸೆಯಲ್ಲಿ ತುಂಬಿ, ಬಿರಟೆ ಒತ್ತಿ, ಎಲೆ ಅಡಿಕೆ ಚೀಲದೊಳಗೆ ಇಟ್ಟುಕೊಂಡು ಮೊದಲ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತವನು, "ಏನಜ್ಜಿ ಅದು, ಜೇನುತುಪ್ಪಾನಾ?" ಎಂದು ಕೇಳಿದನಂತೆ. "ಹೂಂ ಕಣಪ್ಪ, ನನ್ ಮಗಂದು" ಅಂದಳಂತೆ. ಎಲ್ಲಿ ಸಿಗುತ್ತೆ ಅಂತ ಅವನು ಕೋಲಾರದವರೆಗೂ ಬಿಡಲಿಲ್ಲವಂತೆ. ಮಾವ ಮುಂದಿನ ಬಸ್ಸಿನಲ್ಲಿ, ಕೈ ಬೀಸಿಕೊಂಡು, ಜಮೀನ್ದಾರನ ಹಾಗೆ ರಕ್ತ ಕೊಡಲು ಬಂದ.

ಅಜ್ಜಿಯ ಎದುರಿಗೇ ಕಾಯಿಸಿದೆ. ಕುದಿ ಬಂತು, ಗುಳ್ಳೆ ಬಂತು, ನಳಿಕೆ ಹಾಗೇ ತಿಳಿ. ಆಸಿಡ್ ಹಾಕಿದೆ. ತಿಳಿಯಾಗಿಯೇ ಉಳಿಯಿತು. ಏನೂ ಇಲ್ಲ ಅಜ್ಜಿ, ಸೋರ್ತಾ ಇಲ್ಲ ಅಂದೆ. ಅಜ್ಜಿ ನಳಿಕೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಎಲ್ಲ ನಾಟಿ ಮೊಟ್ಟೆಯ ಮಹಿಮೆ ಅಂದಳು. ಯಾರು ವಾದ ಮಾಡುತ್ತಾರೆ? ಇ.ಎಸ್.ಆರ್. ಕೂಡ ಸರಿಯಾಗಿತ್ತು. ಮೂರನೆಯ ಜ್ವರ ದಾಟಿತು.

ನಾಲ್ಕನ್ನೂ ದಾಟಿಬಿಡುತ್ತೇವೆ ಎಂದು ನಾವೆಲ್ಲ ಒಳಗೊಳಗೇ ಮದುವೆ ಸೀರೆಯ ಬಣ್ಣದವರೆಗೆ ಮಾತಾಡಿಕೊಂಡಿದ್ದೆವು. ಆ ದಿನವೂ ಸೀಸೆ ಬಂತು, ಆಲ್ಬುಮಿನ್ ಇರಲಿಲ್ಲ. ಆಮೇಲೆ ರಕ್ತ ನಿಲ್ಲಿಸಿ ಬೆಂಚಿನ ಮೇಲೆ ಕೂತೆವು. ಮಾವ ಏನೋ ತಮಾಷೆ ಹೇಳುತ್ತಿದ್ದ, ನನ್ನ ಕಣ್ಣು ನಳಿಕೆಯ ಮೇಲಿತ್ತು. ಕೆಂಪು ಸರಸರನೆ ಇಳಿಯುತ್ತಿತ್ತು. ಗಂಟೆ ಕಳೆಯುವಷ್ಟರಲ್ಲಿ ಎಲ್ಲಿ ನಿಲ್ಲಬೇಕಿತ್ತೋ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿತ್ತು, ಮೇಲೆಲ್ಲ ಬರೀ ಹಳದಿ ನೀರು. ಅವನ ಇನ್ನೊಂದು ಕೈಯಿಂದ ರಕ್ತ ತೆಗೆದು ಮತ್ತೆ ನಿಲ್ಲಿಸಿದೆ. ಅದೂ ಅಷ್ಟೇ ಇಳಿಯಿತು. ಡಾಕ್ಟರು ಬಂದು ನೋಡಿ, "ಕಾರಣ ಹೇಳೋಕಾಗಲ್ಲಮ್ಮ. ಹಲ್ಲು ಕೊಳೆತಿರಬಹುದು, ನೆಗಡಿ ಇರಬಹುದು. ಗಡ್ಡೇನೂ ಇರಬಹುದು" ಅಂದರು.

ಇಬ್ಬರೂ ಬಸ್ಸಿನಲ್ಲಿ ವಕ್ಕಲೇರಿ ಕಡೆ ಹೊರಟೆವು. ಮಾವ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದ. ನಮ್ಮ ಮನೆಯಲ್ಲಿ ಅಜ್ಜಿ ಆಗಲೇ ಬಂದು ಕೂತಿದ್ದಳು, ಅಪ್ಪ ಜಗಲಿಯ ಮೇಲಿದ್ದರು, ಅಮ್ಮ ಸೊಪ್ಪಿನ ರಾಶಿಯ ಮುಂದೆ. ನಾನು ನಿಂತುಕೊಂಡೇ ಎರಡನ್ನೂ ಹೇಳಿದೆ. ಆಲ್ಬುಮಿನ್ ಇಲ್ಲ. ಇ.ಎಸ್.ಆರ್. ಕೆಟ್ಟಿದೆ.

ಯಾರಾದರೂ ಬಾಯಿ ತೆರೆಯುವ ಮುಂಚೆ ಮಾವನೇ ಹೇಳಿದ. "ಬೇಡ ಅಕ್ಕ. ಸಾಕು. ಇವಳ್ನ ಮಾಲೂರಿಗೆ ಕೊಟ್ಬಿಡಿ. ನಾನು ಮನಸಾರೆ ಹೇಳ್ತಾ ಇದೀನಿ."

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ನನ್ನನ್ನ ಕೊಡೋಕೆ ನೀನ್ಯಾರು ಮಾವ? ಇಷ್ಟು ದಿನ ಆ ದೀಪದ ಮುಂದೆ ನಿಂತು ನಿನ್ನ ಉಚ್ಚೆ ಕಾಯಿಸಿದ್ದು ಮದ್ವೆ ಆಗ್ಬೇಕಾ ಬೇಡ್ವಾ ಅಂತ ನೋಡೋಕೆ ಅಂದ್ಕೊಂಡ್ಯಾ? ಎಷ್ಟು ಬೇಗ ಆಗ್ಬೇಕು ಅಂತ ನೋಡೋಕೆ!"

ಅಪ್ಪ ಜಗಲಿಯಿಂದ ಎದ್ದು ಒಳಗೆ ಬಂದರು. ಅಜ್ಜಿ "ಏಮಯಿಂದೇ ನೀಕು, ಏನಾಯ್ತೇ ನಿಂಗೆ" ಎಂದು ಅಳಲು ಶುರುಮಾಡಿದಳು. ಅಮ್ಮ ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟು ನನ್ನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ.

"ನಿಂದು ನೀನು ಹೇಳ್ದೆ. ನನ್ ಗತಿ ಏನು ಅಂತ ಯೋಚ್ನೆ ಮಾಡಿದ್ಯೇನೇ?" ಅಂದಳು. "ಅವನು ಬೇರೆ ಯಾವಳನ್ನೋ ಕಟ್ಕೊಂಡು ಕಣ್ಮುಚ್ಚಿದ್ರೆ ನಾನು ಅಕ್ಕ ಅಂತ ಎದೆ ಬಡ್ಕೊಂಡು ಅಳ್ತೀನಿ. ನೀನು ಹೆಂಡ್ತಿ ಆಗ್ಬಿಟ್ರೆ? ಬಳೆ ಒಡೆಸ್ಕೊಂಡಿರೋ ಮಗಳ್ನ ಹಿಡ್ಕೊಂಡು ಕೂರ್ಬೇಕು ನಾನು. ಸೊಂಟದ ಮೇಲೆ ಹೊತ್ತು ಸಾಕಿದೀನಿ ಕಣೇ ಅವನ್ನ. ನನ್ ತಮ್ಮನಿಗೆ ನಾನು ಯಾವಾಗ್ಲೇ ಅಳೋದು?"

ಅವಳು ಮದುವೆಗೆ ನಾಲ್ಕು ಜ್ವರದ ಕರಾರು ಹಾಕಿದ್ದು ನನಗೋಸ್ಕರ ಅಂತ ನಾನು, ತಮ್ಮನಿಗೋಸ್ಕರ ಅಂತ ಮಾವ ಅಂದುಕೊಂಡಿದ್ದೆವು. ಅವಳಿಗೂ ತನ್ನದೇ ಒಂದು ಸಂಕಟ ಇರಬಹುದು ಅಂತ ಇಬ್ಬರಿಗೂ ಹೊಳೆದಿರಲಿಲ್ಲ.

ಮಾವನೇ ಎದ್ದು ಬಂದು ಅವಳ ಪಕ್ಕ ನಿಂತ. "ಅಕ್ಕ, ಇನ್ನೂ ಇದೀನಿ, ಇಲ್ಲೇ ನಿಂತಿದೀನಿ. ಬೇಕಾದ್ರೆ ಈಗ್ಲೇ ಒಂದ್ ಸಲ ಅತ್ಬಿಡು. ಆಮೇಲೆ ಮುದ್ದೆ ಹಾಕು, ಹೊಟ್ಟೆ ಹಸೀತಿದೆ." ಅಮ್ಮ ಹಿಪ್ಪುನೇರಳೆ ಕಡ್ಡಿ ತೆಗೆದುಕೊಂಡು ಅವನಿಗೆ ಬಾರಿಸಿದಳು. ಬಾರಿಸುತ್ತ ಬಾರಿಸುತ್ತ ನಕ್ಕಳು. ಮುದ್ದೆ ಬಡಿಸುವಾಗ ಯಾರ ಮುಖವನ್ನೂ ನೋಡದೆ, "ಈ ಬೆಳೆ ಗೂಡು ಬಿಡಿಸಿದ್ಮೇಲೆ ಮುಹೂರ್ತ ನೋಡ್ಸಿ" ಅಂತ ಅಪ್ಪನಿಗೆ ಹೇಳಿದಳು.

ಮದುವೆ ಮುಳಬಾಗಿಲಿನ ಛತ್ರದಲ್ಲಿ ಆಯಿತು. ಡಾಕ್ಟರೂ ಬಂದಿದ್ದರು. ಮಾವ ಅವರ ಕಾಲಿಗೆ ಬಿದ್ದು, ಸೈಕಲ್ ಬಿಟ್ಟಿದೀನಿ ಸಾರ್ ಅಂದ, ಹಸಿ ಸುಳ್ಳು. ಮದುವೆಯಾದ ಮೇಲೆ ಒಂದು ಕೊಳೆತ ದವಡೆ ಹಲ್ಲು ಕೀಳಿಸಿದೆವು, ಇ.ಎಸ್.ಆರ್. ಸರಿಹೋಯಿತು. ಹಲ್ಲಿನದೇ ಕೆಲಸವೋ, ಬೇರೆ ಏನೋ, ಇವತ್ತಿಗೂ ಗೊತ್ತಿಲ್ಲ. ಎರಡು ಮಕ್ಕಳಾದವು. ಮಾವ ಅನ್ನುವುದನ್ನು ಬಿಟ್ಟು "ರೀ" ಅನ್ನು ಎಂದು ಅಜ್ಜಿ ಗದರಿದಳು. ನನಗೆ ನಾಲಿಗೆ ತಿರುಗಲಿಲ್ಲ, ಕೊನೆಯವರೆಗೂ ಮಾವ ಅಂತಲೇ ಕರೆದೆ. ನಾವು ಜಗಳವಾಡಿದೆವು, ಶ್ರೀನಿವಾಸಪುರದ ಮಾವಿನಹಣ್ಣು ತಿಂದು ಹೊಟ್ಟೆ ಕೆಡಿಸಿಕೊಂಡೆವು, ಸಾಲಾಗಿ ಕೂತು ಸಿನಿಮಾ ನೋಡಿದೆವು. ಬೆಳೆಗೊಂದು ಸಲ ನಾನು ದೀಪ ಹಚ್ಚುತ್ತಿದ್ದೆ, ಪ್ರತಿ ಸಲವೂ ನಳಿಕೆ ತಿಳಿಯಾಗಿರುತ್ತಿತ್ತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವನಿಗೆ ಕೆಮ್ಮು ಹಿಡಿಯಿತು. ಎಕ್ಸ್‌ರೇ ತೆಗೆಸಿದರೆ ಶ್ವಾಸಕೋಶದ ತುಂಬ ದುಂಡು ದುಂಡು ನೆರಳು. ಅಷ್ಟು ವರ್ಷದ ಮೇಲೆ ಗಡ್ಡೆ ಅಲ್ಲಿಗೆ ಬಂದಿತ್ತು. ಆ ದಿನವೂ ಮೂತ್ರದಲ್ಲಿ ಆಲ್ಬುಮಿನ್ ಇರಲಿಲ್ಲ! ನಿವೃತ್ತರಾಗಿದ್ದ ನಮ್ಮ ಡಾಕ್ಟರ ಮನೆಗೆ ಎಕ್ಸ್‌ರೇ ತೆಗೆದುಕೊಂಡು ಹೋದೆ. ಅವರು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಗಡ್ಡೆಯೊಳಗಿನ ಪ್ರೋಟೀನನ್ನೇ ನೋಡಿ ಮುಂದೆ ಏನಾಗುತ್ತೆ ಅಂತ ಹೇಳುವುದಕ್ಕೆ ಈಗ ದೊಡ್ಡ ದೊಡ್ಡ ಕಡೆ ಪ್ರಯತ್ನ ನಡೆದಿದೆ, ಆಗ ಅದೇನೂ ಇರಲಿಲ್ಲ ನೋಡಮ್ಮ ಎಂದು ನೊಂದುಕೊಂಡರು. ನನಗೆ ನೋವಾಗಲಿಲ್ಲ. ಅಂಥ ಪರೀಕ್ಷೆ ಆಗಲೇ ಇದ್ದು, ಕೆಟ್ಟದ್ದನ್ನು ಹೇಳಿದ್ದರೆ, ಅಮ್ಮ ಒಪ್ಪುತ್ತಿರಲಿಲ್ಲ. ನಾನು ಮಾಲೂರಿನಲ್ಲಿರುತ್ತಿದ್ದೆ. ಸದ್ಯ ಇರಲಿಲ್ಲವಲ್ಲ ಅನ್ನಿಸಿತು. ಲ್ಯಾಬಿನ ಅನ್ನ ತಿಂದವಳು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ.

ಮಾವ ಹೋದದ್ದು ಹೋಳೂರಿನ ಮನೆಯಲ್ಲಿ, ಒಂದು ಬೆಳಿಗ್ಗೆ. ಊರೆಲ್ಲ ಬಂದು ಅಂಗಳದಲ್ಲಿ ಕೂತಿತ್ತು. ಹೆಂಗಸರೆಲ್ಲ ನನ್ನ ಸುತ್ತ ಸೇರಿ ನನ್ನನ್ನು ಅಳಿಸುತ್ತಿದ್ದರು. ಅಮ್ಮ ಒಂದು ಹನಿ ಕಣ್ಣೀರು ಹಾಕದೆ ಹಿಂದಿನಿಂದ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡು, "ಸಮಾಧಾನ ಮಾಡ್ಕೊಳ್ಳೇ, ಮಕ್ಕಳ ಮುಖ ನೋಡೇ" ಅನ್ನುತ್ತಲೇ ಇದ್ದಳು. ನನ್ ತಮ್ಮನಿಗೆ ನಾನು ಯಾವಾಗ್ಲೇ ಅಳೋದು ಅಂತ ಅವತ್ತು ಅವಳು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ನಾನು ಅವಳ ಕೈ ಬಿಡಿಸಿ ಎದ್ದೆ. ಅವಳನ್ನು ನಾನು ಕೂತಿದ್ದ ಜಾಗದಲ್ಲಿ, ಅವನ ತಲೆಯ ಹತ್ತಿರ ಕೂರಿಸಿದೆ.

"ನನ್ನ ಬಿಡಮ್ಮ," ಅಂದೆ. "ನಾನು ಆಮೇಲೆ ಅಳ್ತೀನಿ. ನಿನ್ ತಮ್ಮ ಹೋದ. ನೀನು ಅಳು."

ಅಮ್ಮ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಒಂದು ದಿನವೂ ಕೇಳಿರದ, ಅವನು ಅವಳ ಸೊಂಟದ ಮೇಲಿದ್ದ ಕಾಲದ ಯಾವುದೋ ಮುದ್ದಿನ ಹೆಸರಿನಿಂದ ಅವನನ್ನು ಕೂಗಿ ಕೂಗಿ ಅತ್ತಳು. ನಾನು ಅವಳ ಬೆನ್ನು ಸವರುತ್ತ ಪಕ್ಕದಲ್ಲಿ ಕೂತಿದ್ದೆ.